ರಿವಾಲ್ವರಿಗೆ ಚರ್ಮದ ಒರೆ: ಅಳತೆಯಿಂದ ಮೆರುಗಿನವರೆಗೆ

ಪೊಲೀಸ್ ಅಧಿಕಾರಿಗಳು ಕವಾಯತಿನ ದಿನ ಹೆಗಲಿನಿಂದ ಸೊಂಟಕ್ಕೆ ಓರೆಯಾಗಿ ತೊಡುವ ಚರ್ಮದ ಪಟ್ಟಿ ಮತ್ತು ಬೆಲ್ಟಿಗೆ ‘ಸ್ಯಾಮ್ ಬ್ರೌನ್’ ಎಂಬ ಹೆಸರಿದೆ. 1858ರಲ್ಲಿ ಉತ್ತರ ಭಾರತದ ಕಾಳಗವೊಂದರಲ್ಲಿ ಎಡಗೈ ಕಳೆದುಕೊಂಡ ಈ ಬ್ರಿಟಿಷ್ ಸೇನಾಧಿಕಾರಿಗೆ ಒರೆಯನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದರಿಂದ ಕತ್ತಿ ಹಿರಿಯುವ ಅನುಕೂಲವೇ ಉಳಿದಿರಲಿಲ್ಲವಾದ್ದರಿಂದ, ಒರೆಯು ಅಲುಗದೆ ತಾನಾಗಿ ನಿಲ್ಲುವಂತಹ ಪಟ್ಟಿಯನ್ನು ಆತ ರೂಪಿಸಿಕೊಂಡ. ಹೋಲ್‌ಸ್ಟರ್ ಹೊಲಿಯುವವರು ಮೊದಲು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾದದ್ದೂ ಇದನ್ನೇ: ಇಲ್ಲದ ಎರಡನೆಯ ಕೈಯ ಕೆಲಸವನ್ನು ಒರೆಯೇ ಮಾಡಬೇಕು.

ಇಲ್ಲಿ ವಿವರಿಸಿರುವುದು ಎರಡು ಹಾಳೆ ಚರ್ಮವನ್ನು ಅಂಚುಗಳಲ್ಲಿ ಹೊಲಿದು, ನಡುವೆ ಆಯುಧ ಕೂರುವಂತೆ ಮಾಡುವ ಚಪ್ಪಟೆ ಮಾದರಿ. ಅಮೆರಿಕದ ಕುಶಲಕರ್ಮಿಗಳು ಇದನ್ನು ‘ಪ್ಯಾನ್‌ಕೇಕ್’ ಎನ್ನುತ್ತಾರೆ. ಹೊಸಬರ ಕೈಗೂ ಇದು ಒಗ್ಗುತ್ತದೆ.

ಚರ್ಮದ ಆಯ್ಕೆಯಲ್ಲಿ ರಾಜಿ ಬೇಡ. ಅಂಗಡಿಗಳಲ್ಲಿ ಸುಲಭವಾಗಿ ಸಿಗುವ, ಬ್ಯಾಗು ಮತ್ತು ಜಾಕೆಟ್ಟುಗಳಿಗೆ ಬಳಸುವ ಕ್ರೋಮ್ ಚರ್ಮ, ಅಂದರೆ ಕ್ರೋಮಿಯಂ ಲವಣಗಳಲ್ಲಿ ಹದ ಮಾಡಿದ ಚರ್ಮ, ಮೆತ್ತಗಿರುತ್ತದೆ. ನೀರಿನಲ್ಲಿ ನೆನೆಸಿ ಒತ್ತಿದರೂ ಕೊಟ್ಟ ಆಕಾರವನ್ನು ಉಳಿಸಿಕೊಳ್ಳುವುದಿಲ್ಲ. ಅದರಲ್ಲಿ ಉಳಿದಿರಬಹುದಾದ ಲವಣಗಳು ಉಕ್ಕಿಗೂ ಒಳ್ಳೆಯದಲ್ಲ. ತೊಗಟೆ, ಕಾಯಿಗಳ ಒಗರಿನಲ್ಲಿ ಹದ ಮಾಡಿದ ಚರ್ಮವೇ ಬೇಕು. ತಂಗಡಿ ತೊಗಟೆ, ಜಾಲಿ ತೊಗಟೆ, ಅಳಲೆಕಾಯಿಗಳಿಂದ ತೊಗಲು ಹದಗೊಳಿಸುವುದು ನಮ್ಮಲ್ಲಿ ಹಳೆಯ ವಿದ್ಯೆ; ಅಥಣಿಯ ಕಡೆಯ ಚಪ್ಪಲಿಗಳ ಗಟ್ಟಿತನ ಬಂದಿರುವುದು ಅದರಿಂದಲೇ. 3ರಿಂದ 3.5 ಮಿಲಿಮೀಟರ್ ದಪ್ಪದ, ಬೆನ್ನು ಅಥವಾ ಹೆಗಲ ಭಾಗದ ತುಂಡನ್ನು ಕೇಳಿ ಪಡೆಯಿರಿ. ಹೊಟ್ಟೆಯ ಭಾಗ ಅಗ್ಗವಾಗಿ ಸಿಕ್ಕರೂ ಎಳೆದ ಕಡೆಗೆ ಹಿಗ್ಗುವುದರಿಂದ ಬೇಡ.

ಅಳತೆಗೂ ಅಚ್ಚಿಗೂ ಆಯುಧವನ್ನು ಹೊಲಿಯುವವನ ಕೈಗೆ ಕೊಡುವಂತಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಬಂದೂಕು ಇಟ್ಟುಕೊಳ್ಳಲು ಪರವಾನಗಿ ಬೇಕು. ಪರವಾನಗಿದಾರರೇ ತಮ್ಮ ಮನೆಯಲ್ಲಿ ಗುಂಡುಗಳನ್ನು ತೆಗೆದಿಟ್ಟು, ಆಯುಧವನ್ನು ದಪ್ಪ ಕಾಗದದ ಮೇಲೆ ಮಲಗಿಸಿ, ಪೆನ್ಸಿಲನ್ನು ನೇರವಾಗಿ ಹಿಡಿದು ಸುತ್ತಗೆರೆ ಎಳೆದು, ನಳಿಕೆ, ಗುಂಡುಗಳು ಕೂರುವ ಉರುಳೆ ಮತ್ತು ಟ್ರಿಗರಿನ ಕಾವಲು ಬಳೆಯ ದಪ್ಪಗಳನ್ನು ಕ್ಯಾಲಿಪರ್‌ನಲ್ಲಿ ಅಳೆದು ಬರೆದುಕೊಡಲಿ. ಆ ಅಳತೆಗೆ ಬಡಗಿಯಿಂದ ಮರದ ಪ್ರತಿರೂಪ ಮಾಡಿಸಿಕೊಳ್ಳುವುದು ಕ್ಷೇಮ. ವಿದೇಶಗಳಲ್ಲಿ ಇದಕ್ಕೆಂದೇ ನೀಲಿ ಬಣ್ಣದ ಪ್ಲಾಸ್ಟಿಕ್ ಅಚ್ಚುಗಳು ಮಾರಾಟಕ್ಕಿವೆ. ಮರದ್ದೂ ಅಷ್ಟೇ ಚೆನ್ನಾಗಿ ನಡೆಯುತ್ತದೆ.

ಹೊಲಿಗೆಯ ಗೆರೆ ಸುತ್ತಗೆರೆಯಿಂದ ಎಷ್ಟು ದೂರವಿರಬೇಕು ಎಂಬುದರಲ್ಲೇ ಹೆಚ್ಚಿನವರು ಎಡವುತ್ತಾರೆ. ಆಯಾ ಜಾಗದಲ್ಲಿ ಆಯುಧದ ದಪ್ಪದ ಅರ್ಧಕ್ಕೆ ಒಂದು ಪದರ ಚರ್ಮದ ದಪ್ಪವನ್ನು ಕೂಡಿಸಿದರೆ ಆ ದೂರ ಸಿಗುತ್ತದೆ. ಉರುಳೆಯ ದಪ್ಪ 34 ಮಿಲಿಮೀಟರ್, ಚರ್ಮ 3 ಮಿಲಿಮೀಟರ್ ಎಂದಿಟ್ಟುಕೊಂಡರೆ ಅಲ್ಲಿ 20, ನಳಿಕೆ 16 ಮಿಲಿಮೀಟರ್ ಇದ್ದರೆ ಅಲ್ಲಿ 11 ಮಿಲಿಮೀಟರ್. ಕಾಗದವನ್ನು ಕತ್ತರಿಸುವ ಮೊದಲು ಟ್ರಿಗರಿನ ಬಳೆ ಪೂರ್ತಿಯಾಗಿ ಮುಚ್ಚುತ್ತದೆಯೇ ಎಂದು ನೋಡಿ. 1920ರ ದಶಕದಲ್ಲಿ ಟೆಕ್ಸಾಸಿನ ಎಲ್ ಪಾಸೋದಲ್ಲಿ ಹೆಸರಾದ ಟಾಮ್ ತ್ರೀಪರ್ಸನ್ಸ್ ಎಂಬ ಪೊಲೀಸ್ ಅಧಿಕಾರಿಯ ಹೆಸರಿನ ಮಾದರಿಯಲ್ಲಿ, ಬೇಗ ಹಿರಿಯಲೆಂದು, ಆ ಬಳೆಯನ್ನು ತೆರೆದೇ ಬಿಟ್ಟಿದ್ದರು. ನೋಡಲು ಅಂದವಾದ ಒರೆ, ನಿಜ. ಆದರೆ ಆ ಅಂದವನ್ನು ಇಂದು ಅನುಕರಿಸಬಾರದು.

ಹರಿತವಾದ ರಂಪಿಗೆಯಿಂದ ಎರಡೂ ಹಾಳೆಗಳನ್ನು ಕತ್ತರಿಸಿ, ಆಯುಧದ ಅಕ್ಕಪಕ್ಕಕ್ಕೆ ಚಾಚಿದ ಎರಡೂ ರೆಕ್ಕೆಗಳಲ್ಲಿ ಬೆಲ್ಟಿನ ಅಗಲಕ್ಕಿಂತ ಒಂದೆರಡು ಮಿಲಿಮೀಟರ್ ಹೆಚ್ಚಿನ ಸೀಳುಗಳನ್ನು ಮಾಡಿ. ಸೀಳಿನ ಎರಡು ತುದಿಗಳಲ್ಲಿ ಮೊದಲು ದುಂಡನೆಯ ತೂತು ಹೊಡೆಯದಿದ್ದರೆ ಮೂಲೆ ಮುಂದೆ ಹರಿಯುತ್ತದೆ. ಹೊಲಿಗೆ ಬೀಳುವ ಜಾಗಕ್ಕೆ ಮಾತ್ರ, ಒರಟು ಮೈಗೆ, ಅಂಟು ಹಚ್ಚಿ ಕೂಡಿಸಿ, ಅಂಚುಗಳನ್ನು ಉಪ್ಪುಕಾಗದದಿಂದ ಸಮ ಮಾಡಿ.

ಹೊಲಿಗೆಗೆ ಒಂದೇ ದಾರ, ಎರಡು ಸೂಜಿ. ಹೊಲಿಯುವ ಉದ್ದದ ಸುಮಾರು ನಾಲ್ಕು ಪಟ್ಟು ದಾರವನ್ನು ಜೇನುಮೇಣದಲ್ಲಿ ಎಳೆದು, 4 ಮಿಲಿಮೀಟರಿಗೊಂದು ತೂತು ಹಾಕಿ, ಪ್ರತಿ ತೂತಿನಲ್ಲೂ ಎರಡು ಕಡೆಯಿಂದ ಸೂಜಿಗಳನ್ನು ದಾಟಿಸಿ ಬಿಗಿಯಬೇಕು. ಯಂತ್ರದ ಹೊಲಿಗೆಯಲ್ಲಿ ಒಂದು ಕಡೆಯ ದಾರ ತುಂಡಾದರೆ ಅಕ್ಕಪಕ್ಕದ ಹೊಲಿಗೆಗಳೂ ಸಡಿಲವಾಗುತ್ತವೆ. ಇದರಲ್ಲಿ ಒಂದು ಎಳೆ ಹೋದರೂ ಇನ್ನೊಂದು ಹಿಡಿದು ನಿಲ್ಲುತ್ತದೆ. ಕೊನೆಯಲ್ಲಿ ಮೂರು ಹೊಲಿಗೆ ಹಿಂದಕ್ಕೆ ಬಂದು ದಾರ ಕತ್ತರಿಸಿದರೆ ಗಂಟಿನ ಅಗತ್ಯವಿಲ್ಲ.

ಇಷ್ಟು ಮುಗಿದಾಗ ಕೈಯಲ್ಲಿರುವುದು ಒಂದು ಚಪ್ಪಟೆ ಚೀಲ ಮಾತ್ರ. ಅದನ್ನು ಒರೆಯಾಗಿಸುವುದು ನೀರು. ಉಗುರುಬೆಚ್ಚಗಿನ ನೀರಿನಲ್ಲಿ ಗುಳ್ಳೆಗಳು ನಿಲ್ಲುವವರೆಗೆ ಅದ್ದಿ ತೆಗೆದು, ಚರ್ಮದ ಮೂಲ ಬಣ್ಣ ಮರಳತೊಡಗುವ ತನಕ ಕಾಯಿರಿ. ತೊಟ್ಟಿಕ್ಕುವಷ್ಟು ಒದ್ದೆಯಿದ್ದಾಗ ಒತ್ತಿದರೆ ಗೆರೆ ನಿಲ್ಲುವುದಿಲ್ಲ, ಒಣಗಿದ ಮೇಲೆ ಒತ್ತಿದರೆ ಚರ್ಮ ಬಾಗುವುದಿಲ್ಲ. ಚಪಾತಿ ಹಿಟ್ಟಿನ ಹದದಂತೆ ಇದನ್ನೂ ಕೈಯೇ ಕಲಿಯಬೇಕು. ಮರದ ಅಚ್ಚಿಗೆ ತೆಳು ಪ್ಲಾಸ್ಟಿಕ್ ಸುತ್ತಿ, ನಳಿಕೆಯ ಮೇಲಿನ ಗುರಿಮೊನೆ ಮುಂದೆ ಚರ್ಮವನ್ನು ಕೆರೆಯದಂತೆ ಅದರ ಉದ್ದಕ್ಕೂ ಸಣ್ಣ ಕಡ್ಡಿಯೊಂದನ್ನು ಅಂಟಿಸಿ, ಒಳಗೆ ತಳ್ಳಿ. ಮೊದಲು ಹೆಬ್ಬೆರಳುಗಳಿಂದ, ಆಮೇಲೆ ಚಮಚದ ಬೆನ್ನಿನಿಂದ, ಉರುಳೆಯ ಉಬ್ಬು ಮತ್ತು ಬಳೆಯ ಅಂಚು ಹೊರಗೆ ಕಾಣುವಂತೆ ತೀಡಿ. ಉಗುರು ತಾಗಿದರೆ ಆ ಗುರುತು ಶಾಶ್ವತ. ಬಳೆಯ ನಡುವಿನ ಟೊಳ್ಳಿನಲ್ಲಿ ಮಾತ್ರ ಕೈ ಹಗುರವಿರಲಿ, ಏಕೆಂದರೆ ಅಲ್ಲಿ ಆಳವಾಗಿ ಒತ್ತಿದ ಚರ್ಮ ಒಳಗೆ ಉಬ್ಬಿ ಟ್ರಿಗರಿಗೆ ತಗುಲಬಹುದು.

ಅಚ್ಚನ್ನು ಮೆಲ್ಲನೆ ಹೊರತೆಗೆದು, ನೆರಳಿನಲ್ಲಿ, ಗಾಳಿಯಾಡುವ ಕಡೆ ಕನಿಷ್ಠ ಒಂದು ಹಗಲು ಒಂದು ರಾತ್ರಿ ಒಣಗಿಸಿ. ಮಳೆಗಾಲದಲ್ಲಿ ಎರಡು ಮೂರು ದಿನ ಹಿಡಿಯುತ್ತದೆ. ಬಿಸಿಲಿಗೋ ಒಲೆಯ ಬಳಿಗೋ ಇಟ್ಟರೆ ಒದ್ದೆ ಚರ್ಮ ಸೆಟೆದು ಕುಗ್ಗುತ್ತದೆ, ಮೈ ಬಿರಿಯುತ್ತದೆ.

ಬಣ್ಣಕ್ಕೆ ಸ್ಪಿರಿಟ್ ಆಧಾರಿತ ಚರ್ಮದ ಬಣ್ಣವನ್ನು ಬಟ್ಟೆಯುಂಡೆಯಿಂದ ತೆಳುವಾಗಿ ಎರಡು ಮೂರು ಬಾರಿ ಹಚ್ಚಿ, ಒಣಗಿದ ಮೇಲೆ ಬಿಳಿ ಬಟ್ಟೆಗೆ ಬಣ್ಣ ಹತ್ತದಂತಾಗುವವರೆಗೆ ಉಜ್ಜಿ. ಕಪ್ಪು ಬೇಕಿದ್ದವರಿಗೆ ಇನ್ನೊಂದು ದಾರಿಯೂ ಇದೆ: ವಿನೆಗರಿನಲ್ಲಿ ಕಬ್ಬಿಣದ ಚೂರುಗಳನ್ನು ಕೆಲವು ವಾರ ನೆನೆಸಿದ ನೀರು, ಚರ್ಮದೊಳಗಿನ ತೊಗಟೆಯ ಒಗರಿನೊಂದಿಗೆ ಕೂಡಿ ಅಚ್ಚಗಪ್ಪಾಗುತ್ತದೆ. ಕಲಂಕಾರಿಯವರು ಬೆಲ್ಲ ಮತ್ತು ತುಕ್ಕುಕಬ್ಬಿಣದಿಂದ ಕಪ್ಪು ತೆಗೆಯುವುದರ ಹಿಂದಿರುವ ರಸಾಯನವೂ ಇದೇ. ಆಮೇಲೆ ಅಡುಗೆ ಸೋಡಾ ಬೆರೆಸಿದ ನೀರಿನಿಂದ ತೊಳೆದು ಹುಳಿಯನ್ನು ತೆಗೆಯಲೇಬೇಕು.

ಕೆಲಸಗಾರನ ತಾಳ್ಮೆ ಕಾಣುವುದು ಅಂಚಿನಲ್ಲಿ. ಮೂಲೆಗಳನ್ನು ದುಂಡಗೆ ಹೆರೆದು, 220, 400, 600ರ ಉಪ್ಪುಕಾಗದಗಳಿಂದ ಕ್ರಮವಾಗಿ ತಿಕ್ಕಿ, ಸ್ವಲ್ಪ ನೀರು ಸವರಿ ನುಣುಪಾದ ಮರದ ತುಂಡಿನಿಂದ ಬಿಸಿಯೇರುವಷ್ಟು ಉಜ್ಜಿದರೆ ಎರಡು ಪದರಗಳ ನಡುವಿನ ಗೆರೆ ಮಾಯವಾಗಿ, ಅಂಚು ಹುಣಸೆಬೀಜದಂತೆ ಹೊಳೆಯುತ್ತದೆ. ಕೊನೆಗೆ ಜೇನುಮೇಣ ತಿಕ್ಕಿ ಮತ್ತೊಮ್ಮೆ ಉಜ್ಜಿ. ಚರ್ಮಕ್ಕೆಂದೇ ಬರುವ ನೀಟ್ಸ್‌ಫುಟ್ ಎಣ್ಣೆಯನ್ನು ಹೊರಮೈಗೆ ಒಂದೇ ತೆಳು ಲೇಪ ಕೊಟ್ಟರೆ ಸಾಕು. ಹೆಚ್ಚಾದರೆ ನೀರಿನಿಂದ ಬಂದ ಗಟ್ಟಿತನವೇ ಹೋಗುತ್ತದೆ. ಅಡುಗೆಮನೆಯ ಎಣ್ಣೆಗಳು ಕಾಲಕ್ರಮದಲ್ಲಿ ಕಮಟು ವಾಸನೆ ಹಿಡಿಯುತ್ತವೆ. ಎಣ್ಣೆ ಇಂಗಿದ ಮರುದಿನ, ಅರ್ಧಕ್ಕರ್ಧ ನೀರು ಬೆರೆಸಿದ ಆಕ್ರಿಲಿಕ್ ಮೆರುಗನ್ನು ಎರಡು ಲೇಪ ಹಚ್ಚಿ.

ಈಗ ಮರದ ಅಚ್ಚನ್ನು ಒಳಗಿಟ್ಟು ಒರೆಯನ್ನು ತಲೆಕೆಳಗಾಗಿ ಅಲುಗಿಸಿ, ಬೀಳಬಾರದು. ಬೆಲ್ಟಿಗೆ ತೊಡಿಸಿ ಒಂದೇ ಕೈಯಿಂದ ಎಳೆಯಿರಿ. ಒರೆ ಜೊತೆಗೆ ಮೇಲೆ ಬರಬಾರದು. ತೀರ ಬಿಗಿಯೆನಿಸಿದರೆ ಅಚ್ಚಿಗೆ ಪ್ಲಾಸ್ಟಿಕ್ ಚೀಲ ಸುತ್ತಿ ಒಂದು ರಾತ್ರಿ ಒಳಗೇ ಬಿಡಿ. ಬಳಕೆಗೆ ಬಂದ ಮೇಲೆ ಆಯುಧವನ್ನು ತಿಂಗಳುಗಟ್ಟಲೆ ಒರೆಯಲ್ಲಿಟ್ಟು ಬೀರುವಿಗೆ ಹಾಕಬೇಡಿ. ಚರ್ಮ ತೇವವನ್ನು ಹೀರಿ ಹಿಡಿದಿಡುವುದರಿಂದ, ಮಲೆನಾಡು, ಕರಾವಳಿಯ ಜೂನ್, ಜುಲೈ ತಿಂಗಳುಗಳಲ್ಲಿ ಒರೆಗೆ ಬೂಷ್ಟು, ಉಕ್ಕಿಗೆ ತುಕ್ಕು ಬೇಗನೆ ಹತ್ತುತ್ತದೆ.