ಆಜಾದ್ ರಸ್ತೆಯಲ್ಲಿ ಅಂಗಡಿ ಉಳಿಸಿಕೊಂಡ ಬಗೆ: ನನ್ನ ಅನುಭವ

ತೀರ್ಥಹಳ್ಳಿಯ ಆಜಾದ್ ರಸ್ತೆಯಲ್ಲಿ ನಮ್ಮ ತಂದೆ ತೆರೆದ ಹಾರ್ಡ್‌ವೇರ್ ಅಂಗಡಿಯನ್ನು ನಾನು ವಹಿಸಿಕೊಂಡಾಗ ಅದರಲ್ಲಿ ಮೊಳೆಯಿಂದ ಮಿಕ್ಸಿಯವರೆಗೆ ಎಲ್ಲವೂ ಇತ್ತು. ಪೇಟೆಗೆ ಬಂದವರು ಬೇಕಾದುದನ್ನೆಲ್ಲ ಒಂದೇ ಕಡೆ ಕೊಂಡು ಸಂಜೆಯ ಬಸ್ಸು ಹಿಡಿಯುತ್ತಿದ್ದ ಕಾಲಕ್ಕೆ ಆ ಕ್ರಮ ಸರಿಯಾಗಿತ್ತು. ಆದರೆ ಮಿಕ್ಸಿ, ಫ್ಯಾನು, ಎಲ್‌ಇಡಿ ಬಲ್ಬುಗಳು ಮೊಬೈಲಿನಲ್ಲಿ ತರಿಸಿದರೆ ಮನೆಯ ಅಂಗಳಕ್ಕೇ ಬರತೊಡಗಿದವು, ದೊಡ್ಡ ಖರೀದಿ ಇದ್ದವರು 60 ಕಿಲೋಮೀಟರ್ ಆಚೆಯ ಶಿವಮೊಗ್ಗಕ್ಕೆ ಸ್ವಂತ ಕಾರಿನಲ್ಲಿ ಹೋಗಿಬರತೊಡಗಿದರು. 2016ರ ನವೆಂಬರ್ 8ರ ನೋಟು ರದ್ದತಿ ಸರಿಯಾಗಿ ಅಡಿಕೆ ಕೊಯ್ಲಿನ ನಡುವೆ ಬಂದಿತು. ನಗದಿನ ಮೇಲೆಯೇ ನಡೆಯುತ್ತಿದ್ದ ಊರಿನ ವ್ಯವಹಾರ ನಿಂತುಹೋಗಿ, ಸುಗ್ಗಿಗೆ ಬರಬೇಕಿದ್ದ ಉದ್ರಿ ಬಾಕಿಯ ಬಹುಪಾಲು ಪುಸ್ತಕದಲ್ಲೇ ಉಳಿಯಿತು. ಮರುವರ್ಷ ಜುಲೈ 1ರಂದು ಜಿಎಸ್‌ಟಿ ಜಾರಿಯಾದಾಗ ಲೆಕ್ಕ ಬರೆಯುವ ರೀತಿಯನ್ನೇ ಹೊಸದಾಗಿ ಕಲಿಯಬೇಕಾಯಿತು. ಆ ಎರಡು ವರ್ಷಗಳಲ್ಲಿ ನಮ್ಮ ಸಾಲಿನ ಎರಡು ಅಂಗಡಿಗಳು ಬಾಗಿಲು ಹಾಕಿದವು, ನಾನೂ ಜಾಗ ಬಾಡಿಗೆಗೆ ಕೊಟ್ಟುಬಿಡುವ ಯೋಚನೆ ಮಾಡಿದ್ದೆ.

ಆಗ ಮಾಡಿದ ಒಂದು ಸಣ್ಣ ಕೆಲಸ ನನ್ನನ್ನು ಉಳಿಸಿತು. ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಒಂದು ನೂರು ಪುಟದ ನೋಟ್‌ಪುಸ್ತಕ ಇಟ್ಟು, ಗಿರಾಕಿ ಕೇಳಿ ನಾನು 'ಇಲ್ಲ' ಎಂದ ಪ್ರತಿಯೊಂದು ವಸ್ತುವನ್ನೂ ತಾರೀಖಿನೊಡನೆ ಬರೆಯತೊಡಗಿದೆ. ಮಾರಾಟದ ಲೆಕ್ಕ ಎಲ್ಲರೂ ಇಡುತ್ತಾರೆ, ಮಾರಾಟವಾಗದೆ ಹೋದುದರ ಲೆಕ್ಕವನ್ನು ನಮ್ಮ ಮನೆಯಲ್ಲಿ ಯಾರೂ ಇಟ್ಟಿರಲಿಲ್ಲ. ಆರು ತಿಂಗಳ ನಂತರ ಓದಿ ನೋಡಿದರೆ ಮಿಕ್ಸಿಯೂ ಇಲ್ಲ, ಫ್ಯಾನೂ ಇಲ್ಲ. ಪುಟ ತುಂಬ ಇದ್ದದ್ದು ಔಷಧಿ ಹೊಡೆಯುವ ಪಂಪಿನ ವಾಷರ್, ಗನ್ನಿನ ನಾಝಲ್, ಫುಟ್‌ವಾಲ್ವ್, ಮೋಟಾರಿನ ಕಪಾಸಿಟರ್, ಕಳೆ ಕತ್ತರಿಸುವ ಯಂತ್ರದ ದಾರ. ಹತ್ತು ರೂಪಾಯಿಯಿಂದ ಮುನ್ನೂರು ರೂಪಾಯಿಯೊಳಗಿನ ಈ ಬಿಡಿಭಾಗಗಳು ನಾಳೆಗೆ ಕಾಯುವಂಥವಲ್ಲ.

ಕಾಯುವಂಥವಲ್ಲ ಎಂಬುದರ ಅರ್ಥ ಮಲೆನಾಡಿನ ಮಳೆಗಾಲ ಕಂಡವರಿಗೆ ಗೊತ್ತು. ಅಡಿಕೆಗೆ ಕೊಳೆರೋಗ ಬಾರದಂತೆ ಮುಂಗಾರು ಹಿಡಿಯುವ ಮೊದಲೊಮ್ಮೆ, ಮತ್ತೆ ನಲವತ್ತು ನಲವತ್ತೈದು ದಿನಕ್ಕೊಮ್ಮೆ ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆಯಬೇಕು. ಎರಡನೆಯ ಸಲದ ಹೊತ್ತಿಗೆ ಜುಲೈ ನಡೆಯುತ್ತಿರುತ್ತದೆ, ಮಳೆ ನಿಂತು ಹೊಳವಾಗುವುದು ಎಲ್ಲೋ ಅರ್ಧ ದಿನ. ಅಂಥ ಒಂದು ದಿನ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಮಂಡಗದ್ದೆ ಕಡೆಯ ಒಬ್ಬ ಗೌಡರು ಬೈಕಿನಿಂದ ಇಳಿದು ನೇರ ಒಳಗೆ ಬಂದರು. ಮೊಣಕೈವರೆಗೆ ಮೈಲುತುತ್ತದ ನೀಲಿ ಮೆತ್ತಿಕೊಂಡಿತ್ತು, ಅಂಗೈಯಲ್ಲಿ ಸೀಳಿಹೋದ ಒಂದು ರಬ್ಬರ್ ವಾಷರ್. "ಕೊನೆಗಾರ ಮರದ ಮೇಲೇ ಕೂತಿದಾನೆ ಮಾರಾಯ್ರೇ, ಇದೊಂದು ಇದ್ಯಾ ಹೇಳಿ" ಎಂದರು. ಡಬ್ಬಿಯಿಂದ ಎರಡು ತೆಗೆದು, ಒಂದು ಹಾಕಲಿಕ್ಕೆ, ಒಂದು ಜೇಬಿನಲ್ಲಿರಲಿ ಎಂದು ಕೊಟ್ಟೆ. ಮೂವತ್ತು ರೂಪಾಯಿಯ ವ್ಯಾಪಾರ. ಆದರೆ ಆ ಹೊಳವು ತಪ್ಪಿದ್ದರೆ ಬೆರೆಸಿಟ್ಟ ದ್ರಾವಣವೂ ಕೊನೆಗಾರನ ದಿನಗೂಲಿಯೂ ಹಾಳಾಗಿ, ಮುಂದಿನ ಹೊಳವಿನವರೆಗೆ ಗೊನೆಗಳು ಔಷಧಿಯಿಲ್ಲದೆ ಮಳೆಯಲ್ಲಿ ನೆನೆಯಬೇಕಿತ್ತು. ಆ ವರ್ಷದ ಸುಗ್ಗಿಯಲ್ಲಿ ಅವರ ಮನೆಯ ಹೊಸ ಪಂಪು, ಪೈಪು, ಅಡಿಕೆ ಒಣಗಿಸುವ ಅಂಗಳದ ಟಾರ್ಪಾಲು ಎಲ್ಲವೂ ನಮ್ಮಲ್ಲಿಂದಲೇ ಹೋದವು.

ಹೀಗೆ ಮಿಕ್ಸಿಯ ಕಪಾಟು ಖಾಲಿಯಾದಲ್ಲಿ ನೂರಾರು ಸಣ್ಣ ಡಬ್ಬಿಗಳು ಬಂದವು. ಮುಂಬಾಗಿಲ ಬಳಿ ರಿಪೇರಿಯ ಮೇಜು ಹಾಕಿದೆ, ಪಂಪು ಬಿಚ್ಚಿ ಜೋಡಿಸುವುದನ್ನು ನಾನೇ ಕಲಿತೆ. ಮೈಲುತುತ್ತದ ವಿಷಯದಲ್ಲಿ ಒಮ್ಮೆ ಪೆಟ್ಟೂ ತಿಂದೆ: ಒಬ್ಬ ಸಗಟು ವ್ಯಾಪಾರಿ ಕಳಿಸಿದ ಸರಕು ಕಲಬೆರಕೆಯದಾಗಿತ್ತು, ಚೀಲಗಳನ್ನು ಮರಳಿ ತರಿಸಿ ಮೂವರು ಗಿರಾಕಿಗಳ ಹಣ ಕೈಯಿಂದ ಕೊಟ್ಟೆ. ಅಂದಿನಿಂದ ಪ್ರತಿ ಖರೀದಿಯ ಜೊತೆ ದ್ರಾವಣದ ಹುಳಿ ಪರೀಕ್ಷಿಸುವ ಲಿಟ್ಮಸ್ ಕಾಗದ ಕೊಟ್ಟು, 100 ಲೀಟರ್ ನೀರಿಗೆ ಒಂದು ಕಿಲೋ ತುತ್ತ, ಒಂದು ಕಿಲೋ ಸುಣ್ಣದ ಲೆಕ್ಕ ಹೇಳಿ, ಕಾಗದವಿಲ್ಲದಾಗ ಉಜ್ಜಿ ಹೊಳಪಾಗಿಸಿದ ಕತ್ತಿಯ ಅಲಗನ್ನು ದ್ರಾವಣದಲ್ಲಿ ಅದ್ದಿ, ತಾಮ್ರದ ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣದ ತಿಳಿ ಸೇರಿಸಬೇಕೆಂದು ತೋರಿಸಿಕೊಡುತ್ತೇನೆ. ಮೊಬೈಲಿನಲ್ಲಿ ತರಿಸಿದ ಚೀಲ ಇದನ್ನು ತೋರಿಸಿಕೊಡುವುದಿಲ್ಲ.

ಉದ್ರಿಯನ್ನು ಪೂರ್ತಿ ನಿಲ್ಲಿಸಬೇಕೆಂದು ಹಲವರು ಹೇಳಿದ್ದರು. ನಾನು ನಿಲ್ಲಿಸಲಿಲ್ಲ, ಏಕೆಂದರೆ ಅಡಿಕೆಯನ್ನು ಮಂಡಿಗೋ ಬೆಳೆಗಾರರ ಮಾರಾಟ ಸಹಕಾರ ಸಂಘವಾದ ಮ್ಯಾಮ್‌ಕೋಸ್‌ಗೋ ಹಾಕಿದ ಮೇಲೆಯೇ ಕೈಗೆ ದುಡ್ಡು ಬರುವ ಊರಿನಲ್ಲಿ ಉದ್ರಿ ಇಲ್ಲದ ಅಂಗಡಿ ಮಳೆಗಾಲದಲ್ಲಿ ಯಾರಿಗೂ ಉಪಯೋಗಕ್ಕೆ ಬರುವುದಿಲ್ಲ. ಬದಲಾಯಿಸಿದ್ದು ಅದರ ಕಟ್ಟಳೆಯನ್ನು. ತೋಟಕ್ಕೆ ಬೇಕಾದುದಕ್ಕೆ ಮಾತ್ರ ಉದ್ರಿ, ಬಣ್ಣಕ್ಕೂ ನಲ್ಲಿಗೂ ನಗದು. ತಂದೆಯವರು ಎಳ್ಳಮಾವಾಸ್ಯೆಯ ಜಾತ್ರೆಯೊಳಗೆ ಚುಕ್ತಾ ಎಂದು ಬಾಯಲ್ಲಿ ಹೇಳುತ್ತಿದ್ದರು, ನಾನು ಬಾಕಿಯ ಮೊತ್ತವನ್ನು ಪ್ರತಿ ತಿಂಗಳೂ ವಾಟ್ಸ್‌ಆ್ಯಪ್‌ನಲ್ಲಿ ಕಳಿಸುತ್ತೇನೆ. ಕೇಳುವ ಮುಜುಗರ ನನಗೂ ತಪ್ಪಿತು, ಕೊಡುವವರಿಗೂ ತಪ್ಪಿತು.

ಒಂದು ಅಂಗಡಿ ಒಂದೇ ಉಳಿಯಲಾರದು ಎಂಬುದನ್ನು ಇಲ್ಲಿ ಹೇಳಲೇಬೇಕು. ಪಕ್ಕದ ಟೈಲರ್ ಅಂಗಡಿ ಮುಚ್ಚಿದ ಮೇಲೆ ನಮ್ಮಲ್ಲಿಗೆ ಬರುವ ಹೆಂಗಸರ ಸಂಖ್ಯೆ ಕಣ್ಣಿಗೆ ಕಾಣುವಷ್ಟು ಇಳಿಯಿತು. ರವಿಕೆ ಒಯ್ಯಲು ಬಂದವರು ಕೊಡದ ಹಿಡಿಕೆಯನ್ನೋ ಹಗ್ಗವನ್ನೋ ಕೊಳ್ಳುತ್ತಿದ್ದರೆಂದು ಆಗ ತಿಳಿಯಿತು. ಆಮೇಲೆ ನಾವು ಆರೇಳು ಅಂಗಡಿಯವರು ಕೂಡಿ, ನಮ್ಮ ಬೈಕುಗಳನ್ನು ಹಿಂದಿನ ಗಲ್ಲಿಯಲ್ಲಿ ನಿಲ್ಲಿಸಿ ಎದುರಿನ ಜಾಗವನ್ನು ಗಿರಾಕಿಗಳಿಗೆ ಬಿಡುವುದು, ಒಬ್ಬರಲ್ಲಿ ಇಲ್ಲದ್ದನ್ನು ಇನ್ನೊಬ್ಬರಲ್ಲಿಗೆ ಕಳಿಸುವುದು ಎಂದು ನಿಶ್ಚಯಿಸಿಕೊಂಡೆವು. ಎರಡನೆಯದಕ್ಕೆ ಮನಸ್ಸು ಒಗ್ಗಲು ನನಗೆ ಒಂದು ವರ್ಷವೇ ಹಿಡಿಯಿತು.

ಈಚಿನ ವರ್ಷಗಳಲ್ಲಿ ಎಲೆಚುಕ್ಕಿ ರೋಗ ತಾಲ್ಲೂಕಿನ ತೋಟಗಳನ್ನು ಕಾಡುತ್ತಿದೆ, ಮರ ಹತ್ತುವ ಕೊನೆಗಾರರೂ ಕಡಿಮೆಯಾಗಿದ್ದಾರೆ. ನೆಲದಲ್ಲೇ ನಿಂತು ಔಷಧಿ ಹೊಡೆಯುವ ಕಾರ್ಬನ್ ಫೈಬರ್ ದೋಟಿ (ಉದ್ದನೆಯ ಕೋಲು) ಸಣ್ಣ ಹಿಡುವಳಿಯವರಿಗೆ ದುಬಾರಿ, ಆದ್ದರಿಂದ ಎರಡು ದೋಟಿಗಳನ್ನು ದಿನದ ಬಾಡಿಗೆಗೆ ಇಟ್ಟಿದ್ದೇನೆ. 'ಇಲ್ಲ' ಬರೆಯುವ ಪುಸ್ತಕ ಈಗ ನಾಲ್ಕನೆಯದು. ಈ ತಿಂಗಳು ಅದರಲ್ಲಿ ಮೂರು ಸಲ ಬಂದಿರುವುದು ದೋಟಿಯ ಜಾಯಿಂಟಿನ ಕ್ಲಾಂಪು. ಇಪ್ಪತ್ತು ಕ್ಲಾಂಪುಗಳಿಗೆ ನಿನ್ನೆ ಆರ್ಡರ್ ಕೊಟ್ಟಿದ್ದೇನೆ, ಕೇಳಿಹೋದ ಮೂವರ ಫೋನ್ ನಂಬರನ್ನೂ ಪಕ್ಕದಲ್ಲೇ ಬರೆದಿಟ್ಟುಕೊಂಡಿದ್ದೇನೆ.