ಕೋಳಿಯ ಮೂಳೆ ಬಿಡಿಸಿ ಡೈನೋಸಾರ್ ಗುರುತು ಓದುವ ಬಗೆ

ಹಕ್ಕಿಗಳು ಡೈನೋಸಾರ್‌ಗಳದೇ ಒಂದು ಕವಲು ಎಂಬುದಕ್ಕೆ ಸಾಕ್ಷಿ ಬೇಕಿದ್ದರೆ ಮ್ಯೂಸಿಯಂವರೆಗೆ ಹೋಗಬೇಕಿಲ್ಲ. ಒಂದು ಇಡೀ ಕೋಳಿಯ ಮೂಳೆಗಳನ್ನು ಬಿಡಿಸಿ, ಮೂರು ತಟ್ಟೆಗಳಿಗೆ ಹಂಚಿದರೆ ಸಾಕು. ಮೊದಲ ತಟ್ಟೆ ಎಲ್ಲ ಡೈನೋಸಾರ್‌ಗಳಲ್ಲೂ ಕಾಣುವ ಲಕ್ಷಣಗಳಿಗೆ. ಎರಡನೆಯದು ಥೆರೋಪಾಡ್‌ಗಳಲ್ಲಿ, ಅಂದರೆ ಎರಡು ಕಾಲಿನ ಮೇಲೆ ಓಡಾಡುತ್ತಿದ್ದ, ಟಿರನೋಸಾರಸ್, ವೆಲೋಸಿರಾಪ್ಟರ್ ಸೇರಿದ ಗುಂಪಿನಲ್ಲಿ, ಮೂಡಿದ ಲಕ್ಷಣಗಳಿಗೆ. ಮೂರನೆಯದು ಸುಮಾರು 15 ಕೋಟಿ ವರ್ಷ ಹಿಂದಿನ ಆರ್ಕಿಯಾಪ್ಟೆರಿಕ್ಸ್ ಎಂಬ ಆದಿಹಕ್ಕಿಯಲ್ಲಿ ಇನ್ನೂ ಇಲ್ಲದ, ಆಮೇಲೆ ಹಕ್ಕಿಗಳಲ್ಲೇ ಬಂದ ಲಕ್ಷಣಗಳಿಗೆ. ಹಂಚಿ ಮುಗಿದಾಗ ಮೂರನೆಯ ತಟ್ಟೆ ಅಂದುಕೊಂಡಷ್ಟು ತುಂಬಿರುವುದಿಲ್ಲ. ಟೊಳ್ಳು ಮೂಳೆ, ಕವೆಮೂಳೆ, ಪಕ್ಕಕ್ಕೆ ಮಡಚುವ ಮಣಿಕಟ್ಟು, ಗರಿ ಇವೆಲ್ಲ ಹಾರಾಟಕ್ಕೆಂದೇ ಆದವು ಎಂದು ಶಾಲೆಯಲ್ಲಿ ಕಲಿತಿರುತ್ತೇವೆ. ಹಾರಲಾರದ, ನೆಲದ ಮೇಲೆ ಓಡುತ್ತಿದ್ದ ಪ್ರಾಣಿಗಳಲ್ಲೇ ಅವು ಇದ್ದವು.

ಕೋಳಿಯ ಆಯ್ಕೆ

ಬ್ರಾಯ್ಲರ್ ಎಂದು ಮಾರುವುದು ಐದರಿಂದ ಏಳು ವಾರದ ಮರಿ. ಮೈ ದೊಡ್ಡದು, ಮೂಳೆ ಎಳೆಯದು. ಬೇಯಿಸಿದಾಗ ಉದ್ದ ಮೂಳೆಗಳ ತುದಿಗಳು ಟೊಪ್ಪಿಯಂತೆ ಕಳಚಿಕೊಳ್ಳುತ್ತವೆ. ಎದೆಮೂಳೆಯ ಹಿಂಭಾಗ ಇನ್ನೂ ಮೃದ್ವಸ್ಥಿಯೇ ಆಗಿರುವುದರಿಂದ ಮೆತ್ತಗಾಗಿ ಉದುರುತ್ತದೆ. ಚೆಂದದ ಅಸ್ಥಿಪಂಜರ ಬೇಕಿದ್ದರೆ ಒಂದು ವರ್ಷ ದಾಟಿದ ಕೋಳಿಯೇ ಆಗಬೇಕು. ಮೊಟ್ಟೆ ನಿಲ್ಲಿಸಿದ ಫಾರಂ ಕೋಳಿಯಾದರೆ ಎದೆಮೂಳೆಯ ಏಣು ಸೊಟ್ಟಗಾಗಿರುವುದು ಅಥವಾ ಮುರಿದು ಕೂಡಿಕೊಂಡಿರುವುದು ಸಾಮಾನ್ಯ. ಅದನ್ನು ನಿಮ್ಮ ಕೈತಪ್ಪು ಎಂದುಕೊಳ್ಳಬೇಡಿ.

ಹಾಗೆಂದು ಬ್ರಾಯ್ಲರನ್ನು ತಳ್ಳಿಹಾಕುವುದೂ ತಪ್ಪು. ಬಲಿತ ಕೋಳಿಯಲ್ಲಿ ಗುರುತು ಸಿಗದಂತೆ ಬೆಸೆದುಹೋದ ಮೂಳೆಗಳು ಎಳೆಯದರಲ್ಲಿ ಬಿಡಿಬಿಡಿಯಾಗಿಯೇ ಇರುತ್ತವೆ, ನಮಗೆ ಬೇಕಾದ ಹಳೆಯ ಕಥೆ ಆ ಬೆಸುಗೆಗಳಲ್ಲೇ ಇದೆ. ಸಾಧ್ಯವಾದರೆ ಒಂದು ಬಲಿತ ಕೋಳಿ, ಜೊತೆಗೆ ಒಂದು ಬ್ರಾಯ್ಲರ್‌ನ ಕಾಲು ಮತ್ತು ರೆಕ್ಕೆ ತಂದುಕೊಳ್ಳಿ.

ತಲೆ, ಪಾದ, ರೆಕ್ಕೆಯ ತುದಿ, ಬಾಲದ ಗಂಟು ಎಲ್ಲವೂ ಇರಲಿ. ಕತ್ತರಿಸಬೇಡಿ ಎಂದು ಮೊದಲೇ ಹೇಳಿ. ರೆಕ್ಕೆಯಿಂದ ದೊಡ್ಡ ಗರಿ ಒಂದೆರಡನ್ನು ಎತ್ತಿಟ್ಟುಕೊಳ್ಳಿ. ಸತ್ತುಬಿದ್ದ ಕಾಡುಹಕ್ಕಿಗೆ ಕೈ ಹಾಕಬೇಡಿ: ಹಕ್ಕಿಜ್ವರದ ಅಪಾಯ ಒಂದು ಕಡೆ, ಬಹಳಷ್ಟು ದೇಶಗಳಲ್ಲಿ ಅದರ ಮೂಳೆ, ಗರಿ ಇಟ್ಟುಕೊಳ್ಳುವುದೇ ಅಪರಾಧ.

ಹಸಿಯಿದ್ದಾಗಲೇ ಮಾಡುವ ಮೂರು ಪರೀಕ್ಷೆ

ಬೇಯಿಸಿದ ಮೇಲೆ ಇವು ಸಾಧ್ಯವಿಲ್ಲ. ಕೈಗವಸು ಹಾಕಿಕೊಳ್ಳಿ. ಹಸಿ ಕೋಳಿಯಲ್ಲಿ ಸಾಲ್ಮೊನೆಲ್ಲಾ, ಕ್ಯಾಂಪಿಲೋಬ್ಯಾಕ್ಟರ್ ಎಂಬ ರೋಗಾಣುಗಳು ಇರಬಹುದು. ಇದಕ್ಕೆ ಬಳಸಿದ ಹಲಗೆ, ಚಾಕು, ಪಾತ್ರೆ ಅಡುಗೆಗೆ ಮರಳಬಾರದು.

ಮೊದಲು ರೆಕ್ಕೆ. ತೋಳುಮೂಳೆಯನ್ನು ಒಂದು ಕೈಯಲ್ಲಿ ಹಿಡಿದು ಮುಂಗೈಯನ್ನು ಮೆಲ್ಲಗೆ ನೇರ ಮಾಡಿ. ಮಣಿಕಟ್ಟನ್ನು ನೀವು ಮುಟ್ಟದಿದ್ದರೂ ಅದು ತಾನಾಗಿ ಬಿಚ್ಚಿಕೊಳ್ಳುತ್ತದೆ. ಮುಂಗೈಯ ಎರಡು ಮೂಳೆಗಳು ಒಂದರ ಪಕ್ಕ ಒಂದು ಜಾರಿ ಮಣಿಕಟ್ಟನ್ನು ತಳ್ಳುವುದರಿಂದ ಹೀಗಾಗುತ್ತದೆ.

ಎರಡನೆಯದಕ್ಕೆ ತಾಳ್ಮೆ ಬೇಕು. ಎದೆಯ ಚರ್ಮ ಸುಲಿದು, ದೊಡ್ಡ ಎದೆಸ್ನಾಯುವನ್ನು ಏಣಿನ ಪಕ್ಕದಿಂದ ಬಿಡಿಸುತ್ತ ಹೋಗಿ. ಒಳಗೆ ಎದೆಮೂಳೆಗೆ ಅಂಟಿಕೊಂಡು ಇನ್ನೊಂದು ಸಣ್ಣ, ಉದ್ದನೆಯ ಸ್ನಾಯು ಸಿಗುತ್ತದೆ. ಅಲ್ಲಿ ಚಾಕು ನಿಲ್ಲಿಸಿ ಬೆರಳಿಗೆ ಕೆಲಸ ಕೊಡಿ. ಹೆಚ್ಚಿನವರು ಎರಡನ್ನೂ ಒಟ್ಟಿಗೆ ಕತ್ತರಿಸಿ ಇಲ್ಲೇ ಕೆಡಿಸಿಕೊಳ್ಳುತ್ತಾರೆ. ಸಣ್ಣ ಸ್ನಾಯುವಿನ ಬಾಲದ ಕಡೆಯ ತುದಿಯನ್ನು ಮೂಳೆಯಿಂದ ಎಬ್ಬಿಸಿ ಹಿಂದಕ್ಕೆ ಎಳೆಯಿರಿ. ರೆಕ್ಕೆ ಮೇಲೇಳುತ್ತದೆ. ಸ್ನಾಯು ಇರುವುದು ರೆಕ್ಕೆಯ ಕೆಳಗೆ, ಎತ್ತುವುದು ಮೇಲಕ್ಕೆ! ಅದರ ಬಿಳಿಯ ಸ್ನಾಯುರಜ್ಜು ಭುಜದ ಬಳಿ ಮೂರು ಮೂಳೆಗಳು ಸೇರಿ ಮಾಡಿದ ಕಿಂಡಿಯೊಳಗೆ ನುಗ್ಗಿ, ತಿರುಗಿ, ತೋಳುಮೂಳೆಯ ಬೆನ್ನಿಗೆ ಅಂಟಿದೆ. ಆರ್ಕಿಯಾಪ್ಟೆರಿಕ್ಸ್‌ಗೆ ಈ ಕಿಂಡಿ ಇರಲಿಲ್ಲ. ನೆನಪಿಡಿ, ಇದು ಮೂರನೆಯ ತಟ್ಟೆಯ ಮುಖ್ಯ ಸಾಮಾನು.

ಮೂರನೆಯದು ಪಾದ. ಕತ್ತರಿಸಿದ ಕಾಲಿನ ಹಿಂಬದಿಯಲ್ಲಿ ಕಾಣುವ ಬಿಳಿ ಸ್ನಾಯುರಜ್ಜುಗಳನ್ನು ಒಂದೊಂದಾಗಿ ಎಳೆದರೆ ಬೆರಳುಗಳು ಮಡಚುತ್ತವೆ.

ಬೇಯಿಸಿ ಬಿಡಿಸುವುದು

ತಲೆ ಮತ್ತು ಕತ್ತು, ಎಡರೆಕ್ಕೆ, ಬಲರೆಕ್ಕೆ, ಎಡಗಾಲು, ಬಲಗಾಲು, ಪಾದಗಳು, ಮುಂಡ ಎಂದು ಭಾಗ ಮಾಡಿ. ಮೂಳೆ ಕಡಿಯದೆ ಕೀಲಿನಲ್ಲೇ ಬಿಡಿಸಿ. ಒಂದೊಂದನ್ನೂ ತೆಳು ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ ಗುರುತು ಹಾಕಿ. ಗುರುತಿಲ್ಲದೆ ಎಲ್ಲವನ್ನೂ ಒಂದೇ ಪಾತ್ರೆಗೆ ಸುರಿದರೆ ಎಡ ಯಾವುದು, ಬಲ ಯಾವುದು ಎಂದು ವಾರಗಟ್ಟಲೆ ಒದ್ದಾಡಬೇಕಾಗುತ್ತದೆ.

ಮೂಳೆ ಮುಳುಗಿ ಮೇಲೆ ನಾಲ್ಕೈದು ಸೆಂಟಿಮೀಟರ್ ನಿಲ್ಲುವಷ್ಟು ನೀರು ಹಾಕಿ, ಉಪ್ಪು ಬೇಡ. ಸಣ್ಣ ಉರಿಯಲ್ಲಿ, 80–90 ಡಿಗ್ರಿಯಲ್ಲಿ, ಮಿಸುಕುವ ಹಾಗೆ ಇರಲಿ. ಕೊತಕೊತ ಕುದಿಸಿದರೆ ಕೊಬ್ಬು ಮೂಳೆಯೊಳಕ್ಕೆ ಇಳಿಯುತ್ತದೆ, ಪಕ್ಕೆಲುಬುಗಳು ಬಡಿದುಕೊಂಡು ಮುರಿಯುತ್ತವೆ. ಕುಕ್ಕರ್ ಬೇಡವೇ ಬೇಡ, ತೆಳು ಮೂಳೆ ಸೀಮೆಸುಣ್ಣದ ಹಾಗೆ ಪುಡಿಯಾಗುತ್ತದೆ. ಬ್ರಾಯ್ಲರ್‌ಗೆ ಒಂದೂವರೆ ಗಂಟೆ, ಬಲಿತದ್ದಕ್ಕೆ ಮೂರರಿಂದ ನಾಲ್ಕು ಗಂಟೆ. ತಲೆಯನ್ನು ಒಂದು ಗಂಟೆಯ ನಂತರ ನೋಡುತ್ತಿರಿ.

ಪಾದಕ್ಕೆ ಬೇರೆಯೇ ಕ್ರಮ. ಮುಕ್ಕಾಲು ಗಂಟೆ ಬೇಯಿಸಿ, ಒಂದು ಕಾಗದದ ಮೇಲೆ ಪಾದದ ಆಕಾರ ಬರೆದು, ಬೆರಳೊಂದನ್ನು ತೆಗೆದುಕೊಂಡು ಬುಡದಿಂದ ತುದಿಗೆ ಒಂದೊಂದೇ ಮೂಳೆ ಬಿಡಿಸಿ ಚಿತ್ರದ ಮೇಲೆ ಸಾಲಾಗಿ ಇಡಿ. ಒಂದು ಬೆರಳು ಮುಗಿಯದೆ ಇನ್ನೊಂದನ್ನು ಮುಟ್ಟಬೇಡಿ.

ಮಾಂಸವನ್ನು ಟ್ವೀಜರ್ ಮತ್ತು ಹಳೆಯ ಟೂತ್‌ಬ್ರಷ್‌ನಿಂದ ತೆಗೆಯಿರಿ. ಮಿದುಳನ್ನು ತಲೆಬುರುಡೆಯ ಹಿಂದಿನ ತೂತಿನಿಂದ ಸಿರಿಂಜ್‌ನಲ್ಲಿ ನೀರು ಹಾಯಿಸಿ ತೊಳೆಯಬೇಕು. ಕಣ್ಣುಗುಡ್ಡೆಯನ್ನು ಎಸೆಯುವ ಮೊದಲು ಬೆರಳಿನಲ್ಲಿ ಒತ್ತಿ ನೋಡಿ: ಪಾಪೆಯ ಸುತ್ತ ಎಲೆಯಷ್ಟು ತೆಳುವಾದ ಮೂಳೆಚೂರುಗಳ ಉಂಗುರ ಇರುತ್ತದೆ. ಇಂಥ ಉಂಗುರ ಡೈನೋಸಾರ್‌ಗಳ ಪಳೆಯುಳಿಕೆಗಳಲ್ಲೂ ಸಿಕ್ಕಿದೆ.

ಜಿಡ್ಡು ಬಿಡಿಸುವ ಹಂತವನ್ನು ಬಿಟ್ಟರೆ ಕೆಲವೇ ತಿಂಗಳಲ್ಲಿ ಮೂಳೆ ಹಳದಿಗಟ್ಟಿ ಅಂಟಂಟಾಗಿ ವಾಸನೆ ಬರುತ್ತದೆ. ಲೀಟರ್ ಬೆಚ್ಚಗಿನ ನೀರಿಗೆ ಒಂದು ದೊಡ್ಡ ಚಮಚ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಮೂಳೆ ನೆನೆಸಿ, ನೀರು ಮಂಕಾದಾಗಲೆಲ್ಲ ಬದಲಿಸಿ. ಒಂದು ವಾರವಾದರೂ ಬೇಕು. ಮಜ್ಜೆ ಇರುವ ತೊಡೆ ಮತ್ತು ಕಾಲಿನ ಮೂಳೆಗಳ ಎರಡೂ ತುದಿಗೆ 1–2 ಮಿಲಿಮೀಟರ್ ತೂತು ಕೊರೆದರೆ ಒಳಗಿನದೂ ಹೊರಬರುತ್ತದೆ. ಬಿಳುಪಿಗೆ 3% ಹೈಡ್ರೋಜನ್ ಪೆರಾಕ್ಸೈಡ್. ದಪ್ಪ ಮೂಳೆಗೆ 12ರಿಂದ 24 ಗಂಟೆ, ತೆಳುವಾದದ್ದಕ್ಕೆ ಆರು ಗಂಟೆ. ಅನಿಲ ಹೊರಡುವುದರಿಂದ ಡಬ್ಬಿಯ ಮುಚ್ಚಳ ಬಿಗಿಯಬೇಡಿ. ಬ್ಲೀಚ್ ಬಳಸಿದರೆ ಅದು ಮೂಳೆಯ ಪ್ರೋಟೀನನ್ನೇ ತಿಂದುಹಾಕುತ್ತದೆ. ಅಂದು ಚೆನ್ನಾಗಿ ಕಂಡದ್ದು ಮುಂದೆ ಪದರು ಪದರಾಗಿ ಉದುರುತ್ತದೆ. ನೆರಳಲ್ಲಿ ಒಣಗಿಸಿ, ಬಿಸಿಲಿಗೆ ಬಿರುಕು ಬಿಡುತ್ತದೆ.

ಓದುವುದು: ಕೆಳಗಿನಿಂದ ಮೇಲಕ್ಕೆ

ಪಾದದಿಂದ ಶುರು ಮಾಡಿ, ಎಣಿಸಿದರೆ ಸಾಕಾಗುವುದು ಅಲ್ಲಿಯೇ. ಉಗುರಿನ ಮೂಳೆಯೂ ಸೇರಿ ಹಿಂಬೆರಳಿಗೆ ಎರಡು, ಒಳಬೆರಳಿಗೆ ಮೂರು, ನಡುಬೆರಳಿಗೆ ನಾಲ್ಕು, ಹೊರಬೆರಳಿಗೆ ಐದು. 2-3-4-5. ಟಿರನೋಸಾರಸ್ ಪಾದದ ಎಣಿಕೆಯೂ ಇದೇ. ಹೊರಬೆರಳಿಗೆ ನಾಲ್ಕೇ ಬಂದರೆ ಒಂದು ಚಿಕ್ಕ ಮೂಳೆ ಚರ್ಮದ ಜೊತೆ ಹೋಗಿದೆ ಎಂದರ್ಥ, ತಿಪ್ಪೆಗೆ ಹಾಕುವ ಮೊದಲು ಹುಡುಕಿ. ಪಾದ ಎರಡನೆಯ ತಟ್ಟೆಗೆ.

ಕೋಳಿಯ ಮಂಡಿ ಹಿಂದಕ್ಕೆ ಮಡಚುತ್ತದೆ ಎನ್ನುವವರು ನೋಡುತ್ತಿರುವುದು ಮಂಡಿಯನ್ನಲ್ಲ, ಪಾದದ ಹರಡನ್ನು. ನಿಜವಾದ ಮಂಡಿ ಮೇಲೆ, ಪುಕ್ಕದೊಳಗೆ ಇದೆ. ಇಲ್ಲಿ ಬ್ರಾಯ್ಲರ್‌ನ ಕಾಲು ತೆಗೆಯಿರಿ. ಕಾಲುಮೂಳೆಯ ಕೆಳತುದಿಯ ಟೊಪ್ಪಿ ಕಳಚಿ ಬಂದಿದ್ದರೆ, ಅದು ಹರಡಿನ ಮೇಲುಸಾಲಿನ ಮೂಳೆ. ಡೈನೋಸಾರ್‌ಗಳಲ್ಲಿ ಅದು ಕಾಲುಮೂಳೆಗೆ ಬಿಗಿಯಾಗಿ ಕೂತು, ಮಡಿಕೆ ಹರಡಿನ ನಡುವೆಯೇ ಬೀಳುತ್ತಿತ್ತು. ಕೋಳಿಯಲ್ಲೂ ಹಾಗೆಯೇ. ಬಲಿತಾಗ ಪೂರ್ತಿ ಬೆಸೆದು ಗುರುತೇ ಇಲ್ಲದಂತಾಗುತ್ತದೆ. ಪಕ್ಕದಲ್ಲಿ ಸೂಜಿಯಂತೆ ಮೊನಚಾಗಿ ಅರ್ಧಕ್ಕೇ ನಿಲ್ಲುವ ಸಣಕಲು ಮೂಳೆಯನ್ನು ಮೀನಿನ ಮುಳ್ಳೆಂದು ಎಸೆಯಬೇಡಿ. ಆರ್ಕಿಯಾಪ್ಟೆರಿಕ್ಸ್‌ನಲ್ಲಿ ಅದು ಹರಡಿನವರೆಗೂ ತಲುಪುತ್ತಿತ್ತು. ಮೊಟಕಾದದ್ದು ಆಮೇಲೆ, ಹಾಗಾಗಿ ಅದು ಮೂರನೆಯ ತಟ್ಟೆಗೆ.

ಸೊಂಟದ ಮೂಳೆಯನ್ನು ಬೆಳಕಿಗೆ ಹಿಡಿಯಿರಿ. ತೊಡೆಮೂಳೆಯ ಗುಂಡು ಕೂರುವ ಗುಳಿಯಲ್ಲಿ ಆರಪಾರ ತೂತು ಕಾಣುತ್ತದೆ. ನಮ್ಮ ಸೊಂಟದಲ್ಲಿ, ಮೊಸಳೆಯ ಸೊಂಟದಲ್ಲಿ ಈ ಗುಳಿ ಹೀಗೆ ತೆರೆದಿಲ್ಲ. ತೆರೆದ ಗುಳಿ, ಒಳಕ್ಕೆ ಬಾಗಿದ ತೊಡೆಯ ಗುಂಡು, ಮೈಯ ಕೆಳಗೇ ನೇರ ನಿಲ್ಲುವ ಕಾಲು: ಡೈನೋಸಾರ್ ಎಂದು ಗುರುತಿಸಲು ವಿಜ್ಞಾನಿಗಳು ಮೊದಲು ನೋಡುವುದು ಇದನ್ನೇ. ಮೊದಲ ತಟ್ಟೆಗೆ ಬೀಳುವ ಗಟ್ಟಿ ಸಾಕ್ಷಿ ಇದು. ಅದೇ ಸೊಂಟದಲ್ಲಿ ಹಿಂದಕ್ಕೆ ಚಾಚಿದ ತೆಳು ಕಡ್ಡಿಯಂಥ ಮೂಳೆಯಿಂದ ಮೋಸಹೋಗಬೇಡಿ. ಟ್ರೈಸೆರಾಟಾಪ್ಸ್‌ನಂಥವನ್ನು ‘ಹಕ್ಕಿ ಸೊಂಟದ’ ಡೈನೋಸಾರ್ ಎನ್ನುತ್ತಾರೆ, ಆದರೆ ಹಕ್ಕಿಗಳು ಬಂದದ್ದು ‘ಹಲ್ಲಿ ಸೊಂಟದ’ ಗುಂಪಿನಿಂದ. ಮೂಳೆ ಹಿಂದಕ್ಕೆ ತಿರುಗಿದ್ದು ಎರಡು ಕಡೆ ಬೇರೆ ಬೇರೆಯಾಗಿ.

ಕವೆಮೂಳೆ, ಅಂದರೆ ವಿಷ್‌ಬೋನ್, ಎರಡು ಕೊರಳೆಲುಬುಗಳು ಕೂಡಿ ಆದದ್ದು. ಈ ಸಣ್ಣ ಮೂಳೆ ಇಡೀ ವಾದವನ್ನು ದಶಕಗಳ ಕಾಲ ದಾರಿ ತಪ್ಪಿಸಿತ್ತು. 1860ರ ದಶಕದ ಕೊನೆಯಲ್ಲೇ ಇಂಗ್ಲೆಂಡಿನ ಜೀವವಿಜ್ಞಾನಿ ಥಾಮಸ್ ಹಕ್ಸ್‌ಲಿ ಹಕ್ಕಿಗೂ ಡೈನೋಸಾರ್‌ಗೂ ನಂಟು ಕಲ್ಪಿಸಿದ್ದರು. 1926ರಲ್ಲಿ ಹಕ್ಕಿಗಳ ಮೂಲದ ಬಗ್ಗೆ ಬರೆದ ಡೆನ್ಮಾರ್ಕಿನ ಗೆರ್ಹಾರ್ಡ್ ಹೈಲ್‌ಮನ್, ಥೆರೋಪಾಡ್‌ಗಳಿಗೆ ಕೊರಳೆಲುಬೇ ಇಲ್ಲ, ಕಳೆದುಹೋದದ್ದು ಮರಳಿ ಬರಲಾರದು ಎಂದು ಅವನ್ನು ಹಕ್ಕಿಯ ಪೂರ್ವಜರ ಸಾಲಿನಿಂದ ಕೈಬಿಟ್ಟರು. ಸೋಜಿಗವೆಂದರೆ 1924ರಲ್ಲೇ ವಿವರಿಸಲಾದ ಓವಿರಾಪ್ಟರ್ ಎಂಬ ಥೆರೋಪಾಡ್‌ನಲ್ಲಿ ಕವೆಮೂಳೆ ಇತ್ತು, ಅದನ್ನು ಬೇರೆ ಮೂಳೆ ಎಂದು ಓದಿದ್ದರು. ಈಗ ಆಲೋಸಾರಸ್, ಟಿರನೋಸಾರಸ್ ಎರಡರಲ್ಲೂ ಸಿಕ್ಕಿದೆ. ಎರಡನೆಯ ತಟ್ಟೆಗೆ ಹಾಕಿ.

ರೆಕ್ಕೆಯ ಕೈಮೂಳೆಯಲ್ಲಿ ಮೂರು ಬೆರಳು ಹುಡುಕಿ: ಮುಂದೆ ಮೋಟುಬೆರಳು, ನಡುವೆ ಉದ್ದನೆಯದು, ಅದರ ಬುಡದಲ್ಲಿ ಚೂರಿನಷ್ಟು ಮೂರನೆಯದು. ಅಂಗೈ ಮೂಳೆಗಳೂ ಮಣಿಕಟ್ಟಿನ ಕೆಲವು ಮೂಳೆಗಳೂ ಬೆಸೆದು ಒಂದಾಗಿವೆ. ಅದರ ಮೇಲ್ತುದಿಯ ರಾಟೆಯಂಥ ನುಣುಪು ಭಾಗವನ್ನು ಬೆರಳಿನಿಂದ ಸವರಿ. ಅದೇ ಅರ್ಧಚಂದ್ರ ಮೂಳೆ. ಬ್ರಾಯ್ಲರ್‌ನಲ್ಲಿ ಬಿಡಿಯಾಗಿಯೂ ಬರುವುದುಂಟು. ಪಳೆಯುಳಿಕೆ ವಿಜ್ಞಾನಿ ಜಾನ್ ಆಸ್ಟ್ರಮ್ 1964ರಲ್ಲಿ ಅಮೆರಿಕದ ಮೊಂಟಾನಾದಲ್ಲಿ ಪತ್ತೆ ಮಾಡಿ 1969ರಲ್ಲಿ ಹೆಸರಿಟ್ಟ ಡೈನೋನಿಕಸ್ ಎಂಬ ಥೆರೋಪಾಡ್‌ನ ಮಣಿಕಟ್ಟಿನಲ್ಲಿ ಇದೇ ಮೂಳೆ ಇತ್ತು, ಮತ್ತು ಹಕ್ಕಿಗಳ ಮೂಲದ ಚರ್ಚೆ ಮತ್ತೆ ಎದ್ದದ್ದು ಅಲ್ಲಿಂದ. ಆಗಲೇ ಹಸಿ ರೆಕ್ಕೆ ಪಕ್ಕಕ್ಕೆ ಮಡಚಿದ್ದು ಈ ರಾಟೆಯ ಮೇಲೆ. ಆದ್ದರಿಂದ ಅರ್ಧಚಂದ್ರ ಎರಡನೆಯ ತಟ್ಟೆಗೆ, ಬೆಸುಗೆ ಮೂರನೆಯದಕ್ಕೆ. ಒಂದೇ ಮೂಳೆ ಎರಡು ತಟ್ಟೆಗೆ ಸೇರಬೇಕಾದಾಗ ಚೀಟಿ ಬರೆದಿಡಿ, ಮೂಳೆ ಮುರಿಯಬೇಡಿ.

ತೋಳುಮೂಳೆಯ ಭುಜದ ತುದಿಯಲ್ಲಿ ಒಳಬದಿಗೆ ಒಂದು ಅಂಡಾಕಾರದ ತೂತು ಇದೆ. ತೆಳು ತಂತಿ ತೂರಿಸಿ ನೋಡಿ, ಒಳಗೆ ಸರಾಗವಾಗಿ ಹೋಗುತ್ತದೆ. ಶ್ವಾಸಕೋಶಕ್ಕೆ ಸೇರಿದ ಗಾಳಿಚೀಲದ ಕವಲು ಮೂಳೆಯನ್ನು ಹೊಕ್ಕ ಬಾಗಿಲು ಅದು. ಕತ್ತಿನ ಮೂಳೆಗಳ ಪಕ್ಕದ ತೂತುಗಳನ್ನೂ ನೋಡಿ. ಥೆರೋಪಾಡ್‌ಗಳ ಬೆನ್ನುಮೂಳೆಯಲ್ಲಿ ಇಂಥವೇ ಇವೆ. ಪಕ್ಕೆಲುಬುಗಳ ಮೇಲೆ ಹಿಂದಕ್ಕೆ ಚಾಚಿದ ಕೊಕ್ಕೆಗಳು ವೆಲೋಸಿರಾಪ್ಟರ್‌ಗೂ ಇದ್ದವು.

ಇವೂ ಎತ್ತಿಟ್ಟ ಗರಿಯೂ ಎರಡನೆಯ ತಟ್ಟೆಗೇ ಸೇರುತ್ತವೆ. 1996ರಲ್ಲಿ ಚೀನಾದ ಲಿಯಾವೊನಿಂಗ್‌ನ ಸೈನೋಸಾರಾಪ್ಟೆರಿಕ್ಸ್ ಮೈಮೇಲೆ ನಾರುಗರಿಯ ಅಚ್ಚು ಬೆಳಕಿಗೆ ಬಂತು; 2007ರಲ್ಲಿ ವೆಲೋಸಿರಾಪ್ಟರ್‌ನ ಮುಂಗೈ ಮೂಳೆಯ ಮೇಲೆ ಗರಿಬುಡ ಅಂಟುವ ಗುಬುಟುಗಳ ಸಾಲು ಕಂಡಿತು. ಕೋಳಿಯ ಮುಂಗೈಯ ದಪ್ಪ ಮೂಳೆಯ ಮೇಲೆ ಉಗುರಾಡಿಸಿ ಹುಡುಕಿ. ಕೋಳಿಯಲ್ಲಿ ಅವು ಬಹಳ ಮಸುಕು, ಸಿಗದೆಯೂ ಇರಬಹುದು. ಗುಬುಟು ಇದ್ದರೆ ಗರಿ ಇತ್ತು ಎನ್ನಬಹುದು, ಇಲ್ಲದಿದ್ದರೆ ಗರಿ ಇರಲಿಲ್ಲ ಎನ್ನಲಾಗದು.

ಇನ್ನು ಉಳಿದವು ಮೂರನೆಯ ತಟ್ಟೆಗೆ: ಎದೆಮೂಳೆಯ ಎತ್ತರದ ಏಣು, ಬಾಲದ ತುದಿಯಲ್ಲಿ ಹಲವು ಮೂಳೆ ಬೆಸೆದಾದ ನೇಗಿಲಿನಾಕಾರದ ತುಂಡು, ಸೊಂಟದೊಂದಿಗೆ ಬೆಸೆದ ಹತ್ತಕ್ಕೂ ಹೆಚ್ಚು ಬೆನ್ನುಮೂಳೆಗಳು, ಹಲ್ಲಿಲ್ಲದ ಕೊಕ್ಕು. ಆರ್ಕಿಯಾಪ್ಟೆರಿಕ್ಸ್‌ಗೆ ಹಲ್ಲಿತ್ತು, ಇಪ್ಪತ್ತಕ್ಕೂ ಹೆಚ್ಚು ಬಿಡಿ ಮೂಳೆಗಳ ಉದ್ದ ಬಾಲವಿತ್ತು, ಏಣು ಇರಲಿಲ್ಲ. ಆದರೆ ಇವೆಲ್ಲ ಒಟ್ಟಿಗೆ ಬಂದವು ಎಂದು ಒಂದೇ ಚೀಟಿ ಅಂಟಿಸಬೇಡಿ. ಏಣೂ ತುದಿಮೂಳೆಯೂ ಇದ್ದ ಇಕ್ಥಿಯೋರ್ನಿಸ್ ಎಂಬ ಹಳೆಯ ಹಕ್ಕಿಗೆ ಹಲ್ಲು ಇನ್ನೂ ಉಳಿದಿತ್ತು. ಅದಕ್ಕಿಂತ ಹಳೆಯ ಕನ್ಫ್ಯೂಸಿಯಸೋರ್ನಿಸ್ ಹಲ್ಲನ್ನು ಬೇರೆಯಾಗಿಯೇ ಕಳೆದುಕೊಂಡಿತ್ತು.

ತಟ್ಟೆಯಿಂದ ಡಬ್ಬಿಗೆ ತುಂಬುವಾಗ ಪಾದದ ಮೂಳೆಗಳನ್ನು ಬೆರಳಿಗೊಂದು ಪೊಟ್ಟಣದಂತೆ ಕಟ್ಟಿ. ಪೂರ್ತಿ ಒಣಗದ ಮೂಳೆಯನ್ನು ಪ್ಲಾಸ್ಟಿಕ್‌ನಲ್ಲಿ ಮುಚ್ಚಿಟ್ಟರೆ ಬೂಸ್ಟು ಹಿಡಿಯುತ್ತದೆ, ರಟ್ಟಿನ ಡಬ್ಬಿ ಒಳ್ಳೆಯದು. ಅಂಟಿಸಿ ನಿಲ್ಲಿಸುವ ಆಸೆಯಿದ್ದರೆ ನೀರಿನಲ್ಲಿ ಬಿಡುವ ಬಿಳಿ ಗೋಂದನ್ನೇ ಬಳಸಿ. ಮಣಿಕಟ್ಟನ್ನು ಮೊದಲ ಸಲಕ್ಕೇ ಸರಿಯಾಗಿ ಕೂರಿಸುವವರು ಕಡಿಮೆ.