ವಾರಸುದಾರರಿಲ್ಲದವರ ಮಣ್ಣು: ನನ್ನ ಅನುಭವ

ಠಾಣೆಯಿಂದ ಫೋನ್ ಬಂತೆಂದರೆ ನಾನು ಮೊದಲು ಕೇಳುವುದು, "ಅಪರಿಚಿತ ಶವವೋ, ಗುರುತು ಸಿಕ್ಕಿದ್ದೋ?" ಹುಬ್ಬಳ್ಳಿಯಲ್ಲಿ ನಾವು ನಾಲ್ಕೈದು ಮಂದಿ, ಯಾರೂ ಬಾರದವರ ಮಣ್ಣು ಮಾಡುತ್ತ ಬಂದಿದ್ದೇವೆ. ಮುಂದಿನದೆಲ್ಲ ಆ ಉತ್ತರದ ಮೇಲೆ ನಿಂತಿರುತ್ತದೆ.

ಅಯೋಧ್ಯೆಯ ಮೊಹಮ್ಮದ್ ಶರೀಫ್ ಚಾಚಾ, 2020ರಲ್ಲಿ ಪದ್ಮಶ್ರೀ ಬಂತಲ್ಲ, ಅವರು ವಾರಸುದಾರರಿಲ್ಲದ ಶವಗಳಲ್ಲಿ ಹಿಂದೂಗಳದನ್ನು ಸುಟ್ಟು ಮುಸ್ಲಿಮರದನ್ನು ಹೂಳುತ್ತ ಬಂದವರು. ನಾವು ಮಾತ್ರ ಅಪರಿಚಿತರನ್ನು ಸುಡುವುದಿಲ್ಲ, ಮೈಮೇಲೆ ಜನಿವಾರ ಇದ್ದರೂ ಸರಿ. ಮುಂದೆಂದಾದರೂ ಮಗನೋ ತಂಗಿಯೋ ಹುಡುಕಿಕೊಂಡು ಬಂದರೆ ದಂಡಾಧಿಕಾರಿಗಳ ಅಪ್ಪಣೆ ಪಡೆದು ಹೊರತೆಗೆಯಬಹುದು, ಡಿಎನ್‌ಎ ತಾಳೆ ನೋಡಬಹುದು. ಸುಟ್ಟ ಮೇಲೆ ಆ ದಾರಿ ಮುಚ್ಚಿದಂತೆ.

ಹೀಗಾಗಿ ನಮ್ಮಲ್ಲಿ ಮಂತ್ರಕ್ಕಿಂತ ಕಾಗದಪತ್ರ ಮುಖ್ಯ. ಯುಡಿಆರ್ (ಠಾಣೆಯ ಅಸಹಜ ಸಾವಿನ ವರದಿ) ನಂಬರು, ಪಂಚನಾಮೆ, ಮರಣೋತ್ತರ ಪರೀಕ್ಷೆ, ಪತ್ರಿಕೆಗೆ ಕೊಟ್ಟ ಚಹರೆಪಟ್ಟಿ. ಶವಾಗಾರದಲ್ಲಿ ಸಾಮಾನ್ಯವಾಗಿ ಮೂರು ದಿನ ಕಾಯುತ್ತಾರೆ. ಇಂಥ ಸಾವಿನ ವಿಚಾರಣೆಗೆ 2024ರ ಜುಲೈಯಿಂದ ಹಳೇ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 174ನೇ ಕಲಮಿನ ಜಾಗಕ್ಕೆ ಹೊಸ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) 194ನೇ ಕಲಮು ಬಂದಿದೆ. ನಮಗೆ ಬದಲಾದದ್ದು ಫಾರಂ ಮೇಲಿನ ಅಂಕಿಯಷ್ಟೇ. ಕೈಮೇಲಿನ ಹಚ್ಚೆಯನ್ನು ನಾನು ಬೇರೆಯಾಗಿ ಬರೆದುಕೊಳ್ಳುತ್ತೇನೆ. ನಮ್ಮ ಕಡೆ ಹಳೇ ಹೆಂಗಸರ ಮುಂಗೈಮೇಲೆ ಎಷ್ಟೋ ಸಲ ಹೆಸರೇ ಇರುತ್ತದೆ.

ಕೊರಳಲ್ಲಿ ಲಿಂಗವಿದ್ದರೆ ಕೂರಿಸಿ ಮಣ್ಣು ಮಾಡಬೇಕೆಂದು ಹಿರಿಯರು ಹೇಳುತ್ತಾರೆ. ದಿನಗಟ್ಟಲೆ ಫ್ರೀಜರ್‌ನಲ್ಲಿದ್ದು ಸೆಟೆದ ದೇಹವನ್ನು ಕೂರಿಸುವುದು ಎಷ್ಟು ಕಷ್ಟವೆಂಬುದು ಮಾಡಿದವರಿಗೇ ಗೊತ್ತು. ಎಲುಬು ಮುರಿಯುವಂತೆ ಬಗ್ಗಿಸಲು ನಾನು ಒಪ್ಪುವುದಿಲ್ಲ. ಮಲಗಿಸಿ, ಹಣೆಗೆ ವಿಭೂತಿ ಹಚ್ಚಿ, ಎಡ ಅಂಗೈಯಲ್ಲಿ ಲಿಂಗ ಇಡುತ್ತೇವೆ. ಗುಂಡಿ ಮಾತ್ರ ನಾಯಿ ಕೆದರದಷ್ಟು ಆಳ ಇರಲೇಬೇಕು.

ಗುರುತಿಗೆ ತಗಡು ನೆಟ್ಟರೆ ಬಣ್ಣ ಒಂದು ಮಳೆಗಾಲಕ್ಕೆ ಹೋಗುತ್ತದೆ, ತಗಡು ಗುಜರಿಗೆ ಹೋಗುತ್ತದೆ. ಅದಕ್ಕೇ ಹಸಿ ಸಿಮೆಂಟಿನ ಬಿಲ್ಲೆಮೇಲೆ ಮೊಳೆಯಿಂದ ಠಾಣೆ, ಯುಡಿಆರ್ ನಂಬರು, ವರ್ಷ ಗೀಚಿ, ತಲೆಯ ಕಡೆ ಅರ್ಧ ಹುಗಿಯುತ್ತೇವೆ.

ಗುರುತು ಸಿಕ್ಕವರದು ಇನ್ನೂ ಕಷ್ಟ. ಬಾಡಿಗೆ ಕೋಣೆಯಲ್ಲಿ ಒಬ್ಬರೇ ಇದ್ದು ಸತ್ತಿರುತ್ತಾರೆ. ಪೊಲೀಸರು ಮಗನನ್ನು ಪತ್ತೆ ಹಚ್ಚಿ ಫೋನ್ ಕೈಗಿಟ್ಟರೆ, "ಅವರ ಜೋಡಿ ನಮಗೇನೂ ಸಂಬಂಧ ಇಲ್ರೀ, ನೀವ ಮಾಡಿಬಿಡ್ರಿ" ಅನ್ನುತ್ತಾನೆ. ನಾನು ಬುದ್ಧಿ ಹೇಳಲು ಹೋಗುವುದಿಲ್ಲ. ಆ ಮನೆಯೊಳಗೆ ಏನು ನಡೆದಿತ್ತೋ. ಒಪ್ಪಿಗೆಯನ್ನು ಠಾಣೆಗೆ ಬರೆದು ಕಳಿಸಲು ಹೇಳಿ, ಎರಡೇ ಮಾತು ಕೇಳುತ್ತೇನೆ: ನಿಮ್ಮಲ್ಲಿ ಸುಡುವುದೋ ಹೂಳುವುದೋ, ಮನೆಯಲ್ಲಿ ಏನಂತ ಕರೀತಿದ್ರಿ? ಎರಡನೆಯದಕ್ಕೆ ಸಿಟ್ಟಿನಲ್ಲಿದ್ದವರೂ ಉತ್ತರ ಕೊಡುತ್ತಾರೆ. ಮಣ್ಣು ಹಾಕುವ ಮೊದಲು ಆ ಹೆಸರು ಹಿಡಿದು ಕರೆಯುತ್ತೇವೆ.

ದುಡ್ಡು ಕೊಡುವವರು ವಿಡಿಯೊ ಕೇಳುತ್ತಾರೆ. ಮುಖದ ಫೋಟೊ ಪೊಲೀಸ್ ಫೈಲಿಗೆ ಬಿಟ್ಟು ಬೇರೆಲ್ಲಿಗೂ ಹೋಗಬಾರದು ಅನ್ನುವುದು ನನ್ನ ಹಟ. ಬೇಕಿದ್ದವರಿಗೆ ಖರ್ಚಿನ ಚೀಟಿ ಕಳಿಸುತ್ತೇನೆ: ಬಿಳಿ ಬಟ್ಟೆ, ಗ್ಲೌಸು, ಗಾಡಿ ಬಾಡಿಗೆ, ಗುಂಡಿ ತೋಡಿದವರ ಕೂಲಿ. ಇಷ್ಟಕ್ಕೆ ಒಪ್ಪದವರ ದುಡ್ಡು ನಮಗೆ ಬೇಡ.